ಶಬ್ದ ಹೋದ ಆದಿತ್ಯವಾರ

ಮೊನ್ನೆ ಉದ್ಯಾವರದ ಮನೆಯ ಹಿತ್ತಲಲ್ಲಿ ಬಟ್ಟೆ ಹರವಲು ಹೋದವಳು ಹಗ್ಗ ಮುಟ್ಟಿ ಹಾಗೆಯೇ ನಿಂತುಬಿಟ್ಟೆ. ಅದು ಹಗ್ಗವಲ್ಲ, ನಮ್ಮ ಮೊದಲ ಟಿವಿಯ ಅಂಟೆನಾದ ಚಪ್ಪಟೆ ವಯರು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಎಲ್ಲೋ ಟವೆಲು ಹೊತ್ತುಕೊಂಡು ಇದ್ದೀತು, ಹುಡುಕಿ ನೋಡಿ.

ಎಂಬತ್ತರ ದಶಕದ ನಡುವೆ ಮಸ್ಕತ್ತಿನಲ್ಲಿದ್ದ ಸೋದರಮಾವ ಆ ಟಿವಿ ತಂದುಕೊಟ್ಟಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಆದಿತ್ಯವಾರ ಮಧ್ಯಾಹ್ನ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡು ಎಲ್ಲರೂ ಮಲಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಟಿವಿ ಬಂದ ಮೇಲೂ ಮಲಗುತ್ತಿದ್ದೆವು, ನಿದ್ದೆ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಸಂಜೆಯ ಹಿಂದಿ ಸಿನಿಮಾಕ್ಕೆ ಮೊದಲು ಅಪ್ಪ ಅಂಗಳದಲ್ಲಿ ಅಂಟೆನಾದ ಕಂಬ ತಿರುಗಿಸುವುದು, ಅಮ್ಮ ಕಿಟಕಿಯಲ್ಲಿ ನಿಂತು ಬಂತು, ಹೋಯಿತು, ಬಂತು ಎಂದು ವರದಿ ಕೊಡುವುದು. ಅಷ್ಟರಲ್ಲಿ ಮನೆಯ ಮುಂದಿನ ಚಾವಡಿ ನೆರೆಹೊರೆಯವರಿಂದ ತುಂಬಿರುತ್ತಿತ್ತು.

ಎದುರಿನ ಒಂದೇ ಕುರ್ಚಿ ನೆರೆಮನೆಯ ಶೀನಣ್ಣನದು. ಬಾಂಬೆಯ ಹೋಟೆಲಿನಲ್ಲಿ ಹತ್ತು ವರ್ಷ ದುಡಿದು ಬಂದ ಅವರೊಬ್ಬರಿಗೇ ಹಿಂದಿ ಗೊತ್ತು. ಪರದೆಯ ಮೇಲೆ ಹತ್ತು ಮಾತು ಆದರೆ ಶೀನಣ್ಣ ಎರಡು ಮಾತಿನಲ್ಲಿ ತುಳುವಿಗೆ ಇಳಿಸುತ್ತಿದ್ದರು. ಉಳಿದ ಎಂಟು ಎಲ್ಲಿ ಹೋದವೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಶಾಲೆಯ ಹಿಂದಿಯಲ್ಲಿ ಹೇಗೋ ಪಾಸಾಗುತ್ತಿದ್ದ ನಾನು ಅವರ ಪಕ್ಕದಲ್ಲಿ ಕುಳಿತು ತಲೆಯಾಡಿಸುತ್ತಿದ್ದೆ.

ಎಲ್ಲರಿಗಿಂತ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಗಿರಿಜತ್ತೆ. ಅಪ್ಪನ ತಂಗಿ. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು, ಮಾತೂ ಅದರ ಜೊತೆಗೇ ಹೋಯಿತು. ಮೊದಲ ವಾರ ಅವಳು ಎದುರಿನ ಚಾಪೆಯಲ್ಲಿ ಕುಳಿತಿದ್ದಳು. ಅತ್ತೆಗೆ ಎಲ್ಲಿ ಕುಳಿತರೂ ಒಂದೇ ಅಲ್ವಾ ಎಂದು ಆ ಜಾಗ ಹಿಡಿದವಳು ನಾನೇ. ಯಾರೂ ನನ್ನನ್ನು ಗದರಲಿಲ್ಲ. ಎಲ್ಲರಿಗೂ ಅದು ಸರಿಯೆಂದೇ ಕಂಡಿತ್ತು.

ಹೀಗೇ ಒಂದು ಆದಿತ್ಯವಾರದ ಸಿನಿಮಾದಲ್ಲಿ ಕಾಯಿಲೆಯ ಹುಡುಗಿಯೊಬ್ಬಳು, ಅವಳಿಗೆ ಔಷಧಿ ಕೊಡಲು ಬರುವ ಒಬ್ಬ ಡಾಕ್ಟರು. ಒಳ್ಳೆಯ ಮನುಷ್ಯ, ಹುಡುಗಿಯನ್ನು ಉಳಿಸುವವನು ಇವನೇ ಎಂದು ಶೀನಣ್ಣ ತೀರ್ಪು ಕೊಟ್ಟರು. ಸ್ವಲ್ಪದರಲ್ಲೇ ಟಿವಿಯ ಶಬ್ದ ಹೋಯಿತು. ಚಿತ್ರ ಮಾತ್ರ ಓಡುತ್ತಿತ್ತು. ಅಪ್ಪ ಗುಂಡಿ ತಿರುಗಿಸಿದರು, ಪೆಟ್ಟಿಗೆಗೆ ಎರಡು ಏಟು ಕೊಟ್ಟರು. ಏನೂ ಆಗಲಿಲ್ಲ. ಎಲ್ಲರೂ ಶೀನಣ್ಣನ ಮುಖ ನೋಡಿದರು.

"ಸೌಂಡೇ ಇಲ್ಲದೆ ನಾನು ಎಂತ ಹೇಳುವುದು ಮಾರಾಯ್ರೆ?" ಎಂದರು ಅವರು.

ಚಾಪೆ ಮಡಚಲು ಎದ್ದವರೂ ಇದ್ದರು. ಆಗ ನನ್ನ ಅಜ್ಜಿ, ಗಿರಿಜತ್ತೆಯ ಅಮ್ಮ, ಹಿಂದೆ ತಿರುಗಿ, "ನಿಲ್ಲಿ, ಗಿರಿಜ ಎಂತದೋ ಹೇಳ್ತಾ ಇದ್ದಾಳೆ" ಎಂದರು.

ಅತ್ತೆ ಎದ್ದು ನಿಂತಿದ್ದಳು. ಬಾಟಲಿ ಬಗ್ಗಿಸುವ ಹಾಗೆ ಕೈ ಮಾಡಿದಳು, ಬಾಯಿಗೆ ಹೆಬ್ಬೆರಳು ಇಟ್ಟಳು, ಬೇಡ ಬೇಡವೆಂದು ಕೈಯಾಡಿಸಿದಳು. ಆಮೇಲೆ ಡಾಕ್ಟರನಾದಳು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ನಾವು ಪರದೆ ನೋಡಿದೆವು. ಹೌದು, ಅವನ ಕಣ್ಣು ನಗುತ್ತಲೇ ಇರಲಿಲ್ಲ! ಮೊದಲು ಅಜ್ಜಿ ಬಿಡಿಸಿ ಹೇಳುತ್ತಿದ್ದರು, ಸ್ವಲ್ಪ ಹೊತ್ತಿನಲ್ಲಿ ಅದೂ ಬೇಡವಾಯಿತು. ಯಾರು ಯಾರಿಗೆ ಹೆದರುತ್ತಾರೆ, ಯಾರು ಸುಳ್ಳು ಹೇಳುತ್ತಾರೆ ಎಲ್ಲವೂ ಅತ್ತೆಯ ಕೈಯಿಂದ ಬರುತ್ತಿತ್ತು. ಹುಡುಗಿ ಲೋಟವೆತ್ತಿದಾಗ ಇಡೀ ಚಾವಡಿಯೇ ಬೇಡ ಬೇಡವೆಂದು ಕೈಯಾಡಿಸಿತು.

ಕೊನೆಯ ಹತ್ತು ನಿಮಿಷಕ್ಕೆ ಶಬ್ದ ತಾನಾಗಿಯೇ ಮರಳಿತು. ಪೊಲೀಸರು ಡಾಕ್ಟರನ ಕೈಹಿಡಿದು ಏನೋ ಕೂಗಿದರು.

"ವಿಷ ಅಂತೆ" ಎಂದರು ಶೀನಣ್ಣ, ಮೆತ್ತಗೆ. ಆಮೇಲೆ ಕುರ್ಚಿ ಬಿಟ್ಟು ಎದ್ದರು. "ಗಿರಿಜಕ್ಕ, ನೀವು ಇಲ್ಲಿ ಕುಳಿತುಕೊಳ್ಳಿ."

ಅತ್ತೆಗೆ ಅದು ಕೇಳಿಸಲಿಲ್ಲ, ಆದರೆ ಅರ್ಥವಾಯಿತು. ಬಂದು ಕುಳಿತಳು. ನನ್ನ ಕಡೆ ನೋಡಿ ಚಾಪೆಯನ್ನು ತಟ್ಟಿದಳು, ಹತ್ತಿರ ಬಾ ಎಂದು. ನಾನು ತಲೆ ತಗ್ಗಿಸಿಕೊಂಡು ಹೋದೆ.

ಈಗ ಅತ್ತೆಗೆ ಎಂಬತ್ತು ದಾಟಿದೆ, ಕಾರ್ಕಳದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಫೋನಿನಲ್ಲಿ ಮಾತಾಡುವ ಹಾಗಿಲ್ಲವೆಂಬ ನೆಪದಲ್ಲಿ ನಾನು ಸುದ್ದಿ ಹೇಳುವುದನ್ನೇ ಬಿಟ್ಟು, ವರ್ಷಕ್ಕೊಮ್ಮೆ ಮಾತ್ರ ಹೋಗುತ್ತಿದ್ದೆ. ಮೊನ್ನೆ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ಬಸ್ಸು ಹತ್ತಿದೆ. ಮಗಳ ಮದುವೆ ನಿಶ್ಚಯವಾದದ್ದನ್ನು ಅವಳಿಗಿನ್ನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಮೆಟ್ಟಿಲ ಮೇಲೆ ನನ್ನ ಮುಖ ನೋಡಿದವಳೇ ಕುತ್ತಿಗೆಗೆ ಮಾಲೆ ಹಾಕುವ ಹಾಗೆ ಕೈ ಮಾಡಿ ಹುಬ್ಬು ಹಾರಿಸಿದಳು. ಆಮೇಲೆ ಹುಡುಗ ಎಷ್ಟು ಎತ್ತರ, ಮೀಸೆ ಉಂಟಾ, ಅವನ ಅಮ್ಮ ಜೋರಾ, ಒಂದನ್ನೂ ಬಿಡಲಿಲ್ಲ.

ಮರಳುವ ಬಸ್ಸಿನಲ್ಲಿ ನನ್ನ ಎರಡೂ ಕೈ ನೋಯುತ್ತಿದ್ದವು. ಅಷ್ಟು ಮಾತಾಡಿದ್ದೆವು.