ಗಂಧ ಹಚ್ಚಿದ ರಾಡ್

ಹೋದ ವರ್ಷ ವಿಜಯದಶಮಿಯ ಬೆಳಿಗ್ಗೆ ಆರೂಕಾಲಕ್ಕೆ ನಾನು ಶಿವಮೊಗ್ಗದ ಸವಳಂಗ ರಸ್ತೆಯ ಜಿಮ್ಮಿನಲ್ಲಿ, ನೀರಿನ ಫಿಲ್ಟರ್ ಪಕ್ಕ, ಎರಡನೆಯ ಬೆಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಎಡಗೈಯಲ್ಲಿ ಲೋಟ ಇತ್ತು. ನಡುವೆ ಯಾರೂ ಅಡ್ಡ ಇರಲಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಬೆಂಚಿನ ತಲೆಯ ಹಿಂದೆ ನಿಂತಿದ್ದವನು ನನ್ನ ಗೆಳೆಯ. ಇಬ್ಬರೂ ಭದ್ರಾವತಿಯವರು, ಇಬ್ಬರೂ ಅಲ್ಲಿ ತರಬೇತುದಾರರು, ಬೆಳಗಿನ ಐದರ ಬಸ್ಸಿಗೆ ಒಟ್ಟಿಗೆ ಬರುತ್ತಿದ್ದವರು. ಸೇರುವಾಗ ಮಾಲೀಕರು ನಮ್ಮ ಮುಂದೆ ಎರಡು ಕಾಗದ ಇಟ್ಟಿದ್ದರು. ಒಂದು ಸಂಬಳದ ನೌಕರಿ, ಆಸ್ಪತ್ರೆ ಖರ್ಚಿನ ಇಎಸ್‌ಐ ಕಾರ್ಡ್ ಸಮೇತ. ಇನ್ನೊಂದು ಕಾಂಟ್ರಾಕ್ಟ್, ಕಲಿಸಿದಷ್ಟಕ್ಕೆ ಪಾಲು, ಬೇರೇನೂ ಇಲ್ಲ. ನನ್ನ ಅಪ್ಪ ಕಾಂಟ್ರಾಕ್ಟ್ ಕೂಲಿಯಾಗಿಯೇ ಮುದುಕರಾದವರು. ನಾನು ಓದದೆ ಮೊದಲನೆಯದಕ್ಕೆ ಸಹಿ ಹಾಕಿದೆ.

ಗೆಳೆಯ ನಕ್ಕು ಎರಡನೆಯದನ್ನು ಎಳೆದುಕೊಂಡ. "ತಿಂಗಳಿಗೊಂದ್ಸಲ ಸಂಬಳ, ದಿನಕ್ಕೆ ಹತ್ತು ಸಲ ಸಲಾಮು. ನಂಗ್ಯಾಕೆ ಮಾರಾಯ? ಸಂಜೆ ಭದ್ರಾವತೀಲಿ ನಂದೇ ಒಂದು ಬ್ಯಾಚ್ ಮಾಡ್ತೀನಿ, ನೋಡ್ತಿರು."

ಆ ಬ್ಯಾಚ್ ಆಗಲೇ ಇಲ್ಲ. ಸಂಜೆಯೂ ಇಲ್ಲೇ ಬೇಕೆಂದು ಮಾಲೀಕರು ಹೇಳಿದರು, ಅವನು ಉಳಿದ. ನಾನು ತೊಡುವ ಟೀ ಶರ್ಟನ್ನೇ ಅವನೂ ತೊಟ್ಟ. ಹಾಜರಿಗೆ ನಾನು ಬೆರಳಿಡುವ ಯಂತ್ರಕ್ಕೇ ಅವನೂ ಬೆರಳಿಟ್ಟ.

ಆಯುಧಪೂಜೆಯ ದಿನ ಭಾರ ಎತ್ತುವ ರಾಡುಗಳಿಗೆಲ್ಲ ಗಂಧ ಹಚ್ಚಿದವನು ನಾನು. ಒಂದು ಬೊಟ್ಟು ಸಾಕಿತ್ತು. ಚೆನ್ನಾಗಿ ಕಾಣಲೆಂದು ಕೈ ಹಿಡಿಯುವ ಜಾಗದಲ್ಲೇ ಮೂರು ಬೆರಳಿನ ಪಟ್ಟೆ ಎಳೆದೆ. ಪೂಜೆಯ ಗುರುತನ್ನು ನಮ್ಮಲ್ಲಿ ಒರೆಸುವುದಿಲ್ಲ. ಅದು ತಾನಾಗಿ ಹೋಗಬೇಕು. ಮರುದಿನ ಬಾಗಿಲು ತೆಗೆದಾಗ ಗೆಳೆಯ ಕೇಳಿದ, "ಒರೆಸ್ಲೇನೋ?"

"ಹಬ್ಬದ ದಿನ ಯಾರಾದ್ರೂ ಒರೆಸ್ತಾರೇನೋ? ಬಿಡು," ಅಂದೆ.

ಬೆಂಚಿನ ಮೇಲೆ ಮಲಗಿದ್ದವರು ರಾಗಿಗುಡ್ಡದಿಂದ ಬರುವ ಹೈಸ್ಕೂಲು ಮೇಷ್ಟ್ರು. ಕೊನೆಯ ಸಲ ಎತ್ತುವಾಗ ಅವರ ತೋಳು ನಡುಗಿತು. ಗೆಳೆಯ ಬಗ್ಗಿ ಎರಡೂ ಕೈಯಲ್ಲಿ ರಾಡ್ ಹಿಡಿದ. ಬೆವರು ತಾಗಿ ಗಂಧ ಜಾರಿತು, ಬಲಗೈ ಬಿಟ್ಟಿತು. ರಾಡ್ ಮೇಷ್ಟ್ರ ಕುತ್ತಿಗೆಯ ಮೇಲೆ ಬೀಳಬೇಕಿತ್ತು. ಅವನು ಎಡಗೈಯಿಂದ ಅದನ್ನು ತನ್ನ ಕಡೆಗೆ ಎಳೆದುಕೊಂಡ. ಪ್ಲೇಟುಗಳ ಸಮೇತ ಅದು ಅವನ ಬಲಪಾದದ ಮೇಲೆ ಬಿತ್ತು. ಅವನು ಕೂಗಲಿಲ್ಲ. ಮೇಷ್ಟ್ರು ಕೂಗಿದರು.

ಎರಡು ಆಪರೇಷನ್ ಆಯಿತು. ಆ ಪಾದ ಈಗಲೂ ಮಡಚುವುದಿಲ್ಲ.

ಅವನಿಗೆ ಪರಿಹಾರ ಕೇಳಲು ಮಾಲೀಕರ ಬಳಿ ಹೋದೆ. "ಅವನು ನಮ್ಮ ಸ್ಟಾಫ್ ಅಲ್ಲ ಕಣಪ್ಪ. ಕಾಗದ ಅವನೇ ಆರಿಸ್ಕೊಂಡಿದ್ದು," ಅಂದರು.

"ಅವನ ಕೆಲ್ಸದ ಟೈಮೂ ನೀವೇ ಹಾಕ್ತಿದ್ರಲ್ಲ ಸರ್?"

ಅವರು ನನ್ನ ಸಹಿಯ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಹೆಂಡ್ತಿಗೆ ಈಗ ಎಷ್ಟು ತಿಂಗಳು?"

ಆರು. ಹೆರಿಗೆ ನನ್ನ ಇಎಸ್‌ಐ ಕಾರ್ಡಿನ ಮೇಲೆಯೇ ಆಗಬೇಕಿತ್ತು. ಎದ್ದು ಬಂದೆ.

ಭದ್ರಾವತಿಯ ಮನೆಯಲ್ಲಿ ಗೆಳೆಯ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ. "ಬಾರೋ ಪರ್ಮನೆಂಟು," ಅಂದ. ಆಮೇಲೆ ದನಿ ತಗ್ಗಿಸಿದ. "ಲೇಬರ್ ಆಫೀಸಿಗೆ ಅರ್ಜಿ ಹಾಕ್ತಿದೀನಿ. ನಾನೂ ನಿನ್ ಥರಾನೇ ಕೆಲ್ಸ ಮಾಡ್ತಿದ್ದೆ ಅಂತ ಬಂದು ಒಂದ್ಮಾತು ಹೇಳ್ತೀಯಾ?"

"ಹೇಳ್ತೀನಿ."

"ಗಂಧದ ವಿಷ್ಯ ಬೇಡ. ನಾನು ಯಾರಿಗೂ ಹೇಳಿಲ್ಲ."

ಲೇಬರ್ ಆಫೀಸಿನವರು ಕರೆದ ದಿನ ನಾನು ಹೋಗಲಿಲ್ಲ. ಮಗುವಿಗೆ ಆಗ ಹನ್ನೆರಡು ದಿನ. ಸಾಕ್ಷಿ ಇಲ್ಲವೆಂದು ಅರ್ಜಿ ಬಿದ್ದುಹೋಯಿತು. ಅವನು ಈಗ ನನ್ನ ಫೋನ್ ಎತ್ತುವುದಿಲ್ಲ. ನಾನು ಅದೇ ಟೀ ಶರ್ಟಿನಲ್ಲಿ ಅದೇ ಬೆಂಚಿನ ಹಿಂದೆ ನಿಲ್ಲುತ್ತೇನೆ.

ರಾಡ್ ಬಿದ್ದದ್ದನ್ನು ಕಂಡವರು ಇನ್ನಿಬ್ಬರಿದ್ದಾರೆ. ಒಬ್ಬರು ಆ ಮೇಷ್ಟ್ರು; ಈಗ ಬೇರೆ ಜಿಮ್ಮಿಗೆ ಹೋಗುತ್ತಾರೆ. ಇನ್ನೊಬ್ಬರು ಆಯನೂರಿನಿಂದ ಬಂದು ನೆಲ ಒರೆಸುವ ಹೆಂಗಸು. ಅವತ್ತು ರಕ್ತದ ಜೊತೆ ರಾಡಿನ ಗಂಧವನ್ನೂ ಒರೆಸಿದವರು ಅವರೇ. ಇಬ್ಬರೂ ಬದುಕಿದ್ದಾರೆ. ಅವರನ್ನು ಯಾರೂ ಕೇಳಿಲ್ಲ.