ಬುಗುರಿ ಮತ್ತು ಕೆಂಪು ಕಾಲುಚೀಲ

ನನ್ನ ತಂಗಿಯ ಮಗಳು ಹುಟ್ಟಿದಾಗ ಅವಳ ತೊಟ್ಟಿಲು ತೂಗಲು ಯಾರೂ ಬೇಕಿರಲಿಲ್ಲ. ತಾನೇ ಒದ್ದು ಒದ್ದು ತೂಗಿಕೊಂಡು, ಮೂರನೆಯ ದಿನ ತೊಟ್ಟಿಲಿನ ಸಮೇತ ಪಕ್ಕದ ಮನೆಗೆ ಹೋಗಿಬಿಟ್ಟಿದ್ದಳು. ನಂಬದಿದ್ದರೆ ಬಿಡಿ. ಪಕ್ಕದ ಮನೆಯವರು ಈಗಿಲ್ಲ, ಉಳಿದಿರುವ ಸಾಕ್ಷಿ ನಾನೊಬ್ಬನೇ. ಬುಗುರಿ ಅಂತ ಅವಳಿಗೆ ಹೆಸರಿಟ್ಟವನೂ ನಾನೇ. ಈಗ ಅವಳಿಗೆ ನಲವತ್ತಾರು. ಇನ್ನೂ ತಿರುಗುತ್ತಲೇ ಇದ್ದಾಳೆ.

ಹಳೆಯ ಚಪ್ಪಲಿ ಗೋದಾಮಿನಲ್ಲಿ ಅವಳದೊಂದು ಸಂಘ ಇದೆ. ಕಿವಿ ಕೇಳಿಸದವರು, ಕಾಲು ಸ್ವಾಧೀನವಿಲ್ಲದವರು, ಜೈಲಿನಿಂದ ಬಂದವರು, ಒಟ್ಟಿನಲ್ಲಿ ಊರು ಯಾರಿಗೆಲ್ಲ "ನಾಳೆ ಬಾ" ಅನ್ನುತ್ತದೋ ಅವರೆಲ್ಲ ಅಲ್ಲಿ ಕೆಲಸ ಕಲಿಯುತ್ತಾರೆ. ಆಮೇಲೆ ಬುಗುರಿ ಅಂಗಡಿ ಅಂಗಡಿ ಸುತ್ತಿ, ಮಾಲೀಕರ ತಲೆ ತಿಂದು, ಅವರನ್ನು ಕೆಲಸಕ್ಕೆ ಸೇರಿಸುತ್ತಾಳೆ. ನಾನು ಅಲ್ಲಿನ ಇಸ್ತ್ರಿ ಮೇಷ್ಟ್ರು. ನಾನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಿಂದಲೇ ಒಬ್ಬ ಗಡ್ಡ ಹೆರೆದುಕೊಂಡಿದ್ದಾನೆ.

ನನ್ನ ಶಿಷ್ಯರಲ್ಲಿ ಒಬ್ಬ ದೊರೆ. ನಡಿಗೆಯ ಗತ್ತಿಗೆ ಬಂದ ಹೆಸರು. ಮೂವತ್ತನಾಲ್ಕು ವರ್ಷ, ಹುಟ್ಟಿನಿಂದ ಕಿವಿ ಕೇಳಿಸದು. ಮಾತೆಲ್ಲ ಕೈಯಲ್ಲಿ, ಕೈಭಾಷೆ ಬಾರದವರಿಗೂ ಖಡಾಖಂಡಿತ ಹೇಳಬೇಕಾದ ಮಾತಿಗೂ ಜೇಬಿನಲ್ಲಿ ಒಂದು ಚೀಟಿ ಪುಸ್ತಕ. ನಾಲ್ಕು ಕಡೆ ಕೆಲಸಕ್ಕೆ ಹೋಗಿ ನಾಲ್ಕು ಕಡೆಯಿಂದಲೂ ವಾಪಸಾಗಿದ್ದ. ಐದನೆಯದು ಒಂದು ಲಾಂಡ್ರಿ, ಅಲ್ಲಿ ಒಂದು ವಾರದ ಪರೀಕ್ಷೆ. ಹೊರಡುವ ಮುಂಚೆ ಬುಗುರಿಗೆ ಬರೆದು ಕೊಟ್ಟ: "ಅಲ್ಲಿಂದಲೂ ಕಳಿಸಿದರೆ ಇನ್ನು ಮನೆ ಬಿಟ್ಟು ಬರಲ್ಲ. ಕರೆಯೋಕೂ ಬರಬೇಡ."

ಆ ಚೀಟಿ ಓದಿದ ಮೇಲೆ ಅವಳ ಅವಸ್ಥೆ ಕೇಳಬೇಡಿ. ಕುರ್ಚಿಯ ಅಂಚಿನಲ್ಲಿ ಕೂರುವಳು, ಏಳುವಳು, ಕಿಟಕಿಗೆ ಹೋಗುವಳು. ಒಂದೇ ನೆಲವನ್ನು ನಾಲ್ಕು ಸಲ ಗುಡಿಸಿದಳು. ಕಸಕ್ಕೇ ಸಾಕಾಗಿ ತಾನಾಗಿ ಎದ್ದು ಹೊರಗೆ ಹೋಯಿತು.

"ಕೂತ್ಕೊಳೇ, ನನಗೇ ತಲೆ ತಿರುಗ್ತಿದೆ" ಅಂದೆ.

"ನಿಮಗೇನು ಮಾವ, ಕೂತೇ ಹುಟ್ಟಿದವರು!"

ಮೂರನೆಯ ದಿನ ಲಾಂಡ್ರಿ ಮಾಲೀಕನ ಫೋನ್ ಬಂತು. "ಅಮ್ಮಾ, ಈ ಮನುಷ್ಯನನ್ನ ಕರ್ಕೊಂಡು ಹೋಗಿ."

ಬುಗುರಿ ಓಡಿದಳು. ಹಿಂದೆ ನಾನು. ನನ್ನ ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು, ಇನ್ನೂ ಸಿಕ್ಕಿಲ್ಲ.

ಲಾಂಡ್ರಿಯ ತುಂಬ ಹಬೆ. ದೊರೆ ಇಸ್ತ್ರಿ ಮೇಜಿನ ಮುಂದೆ ನೆಟ್ಟಗೆ ನಿಂತಿದ್ದ. ಯಾರ ಮುಖವನ್ನೂ ನೋಡಲಿಲ್ಲ. ಮಡಿಸಿದ ಅಂಗಿಗಳಲ್ಲಿ ಒಂದು ಸುಕ್ಕಿಲ್ಲ.

"ಕೆಲಸ ಕೆಟ್ಟಿದೆಯಾ?" ಬುಗುರಿ ಕೇಳಿದಳು.

"ಕೆಲಸ ಚಿನ್ನದಂಥದ್ದು. ಆದ್ರೆ ಗಳಿಗೆಗೊಂದು ಸಲ ಇಸ್ತ್ರಿ ಆರಿಸಿ ನನ್ನ ಮುಂದೆ ಬಂದು ನಿಲ್ತಾನೆ. ಏನಪ್ಪಾ ಅಂದ್ರೆ ನನ್ನನ್ನೇ ಪಿಳಿಪಿಳಿ ನೋಡ್ತಾನೆ. ನಾನೇನು ಸಿನಿಮಾನಾ?"

ಅಷ್ಟರಲ್ಲಿ ಕರೆಂಟು ಏರುಪೇರಾಗಿ ದೀಪ ಎರಡು ಸಲ ಮಿಣುಕಿತು. ದೊರೆ ಇಸ್ತ್ರಿ ಆರಿಸಿ, ನಿಲ್ಲಿಸಿ, ಬಂದು ಮಾಲೀಕನ ಮುಂದೆ ನಿಂತ.

"ನೋಡಿದ್ರಾ!"

ಬುಗುರಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

ಸಂಘದಲ್ಲಿ ದೊರೆಯನ್ನು ಕರೆಯಬೇಕಾದಾಗ ಅವನ ಮೇಜಿನವರೆಗೆ ಎದ್ದು ಹೋಗಲು ಸೋಮಾರಿತನ ನನಗೆ. ಕೂತಲ್ಲಿಂದಲೇ ದೀಪದ ಸ್ವಿಚ್ಚು ಎರಡು ಸಲ ಆಡಿಸುತ್ತಿದ್ದೆ. ಎರಡು ಮಿಣುಕು ಅಂದರೆ ಇಸ್ತ್ರಿ ಆರಿಸಿ ಬಾ ಅಂತ. ಹೊರಗೆ ಯಾರಿಗೂ ಇದು ಗೊತ್ತಿಲ್ಲ ಅಂತ ಅವನಿಗೆ ಹೇಳಲು ಮರೆತಿದ್ದೆ.

"ತಪ್ಪು ನಂದೇ ಯಜಮಾನ್ರೇ" ಅಂತ ಎಲ್ಲ ಒಪ್ಪಿಸಿದೆ.

"ಅಯ್ಯೋ, ಈ ಬೀದೀಲಿ ದಿನಕ್ಕೆ ಇಪ್ಪತ್ತು ಸಲ ಮಿಣುಕುತ್ತಲ್ರೀ!"

ಬುಗುರಿ ಕೈಯಾಡಿಸಿ ದೊರೆಗೆ ವಿಷಯ ತಿಳಿಸಿದಳು. ಅವನು ನನ್ನನ್ನು ಒಮ್ಮೆ ನೋಡಿದ. ಬೈಗುಳಕ್ಕೆ ಕಿವಿಯಾಗಲಿ ಬಾಯಾಗಲಿ ಬೇಡ ಅಂತ ಅವತ್ತು ಗೊತ್ತಾಯಿತು. ಆಮೇಲೆ ಚೀಟಿ ಬರೆದು ಮಾಲೀಕನಿಗೆ ಕೊಟ್ಟ: "ನೀವು ಕರೆದಿರಿ, ಬಂದೆ. ಬಂದರೆ ಕೆಲಸವನ್ನೇ ಹೇಳಲಿಲ್ಲ. ಯಜಮಾನರಿಗೆ ಮರೆವು ಅಂದುಕೊಂಡೆ."

ಮಾಲೀಕ ಚೀಟಿ ಓದಿ, ಒಳಗೆ ಬಟ್ಟೆ ಹಿಂಡುತ್ತಿದ್ದ ತನ್ನ ಅಳಿಯನ ಕಡೆ ಕೂಗಿದ. ಮೂರು ಸಲ ಕೂಗಿದ. ಅಳಿಯ ತಲೆ ಎತ್ತಲಿಲ್ಲ.

"ಕಿವಿ ಇರೋರು ನಾನು ಗಂಟಲು ಹರ್ಕೊಂಡ್ರೂ ಬರಲ್ಲ. ಇವನು ಕರೀದೇ ಇದ್ರೂ ಬರ್ತಾನೆ" ಅಂತ ಗೊಣಗಿದ. "ಆದ್ರೆ ಇವನನ್ನ ಕರೆಯೋದು ಹೇಗೆ?"

ಬುಗುರಿ ಕೈಯಲ್ಲಿ ಆ ಪ್ರಶ್ನೆ ದಾಟಿಸಿದಳು, ಉತ್ತರ ದೊರೆಯೇ ಹುಡುಕಿದ. ಯಾರೂ ಕೇಳಿಕೊಂಡು ಬಾರದ ಬಟ್ಟೆಗಳ ಬುಟ್ಟಿಯಿಂದ ಒಂಟಿ ಕೆಂಪು ಕಾಲುಚೀಲ ತೆಗೆದ. ಗಲ್ಲಾದಿಂದ ಮೇಜಿನವರೆಗೆ ಮೊಳೆಗಳ ಮೇಲೆ ದಾರ ಹಾಯಿಸಿ, ತನ್ನ ಕಣ್ಣಿನ ಮುಂದೆ ಅದನ್ನು ನೇತುಹಾಕಿದ. ಮಾಲೀಕ ದಾರ ಎಳೆದ. ಕಾಲುಚೀಲ ಕುಣಿಯಿತು. ದೊರೆ ಬಂದ.

"ಇದೇ ಸರಿ. ವಾರ ಗೀರ ಏನೂ ಬೇಡ, ಇವನು ಇರ್ಲಿ" ಅಂದ ಮಾಲೀಕ.

ಬುಗುರಿಗೆ ಸಮಾಧಾನ ಎಲ್ಲಿ? ತಾನೂ ಎಳೆದು ನೋಡಿದಳು. ದೊರೆ ಬಂದ. ಮತ್ತೆ ಎಳೆದಳು, ಮತ್ತೆ ಬಂದ. ಐದನೆಯ ಸಲ ಕೈಯಲ್ಲಿ ಚೀಟಿ ಹಿಡಿದೇ ಬಂದ: "ಅಕ್ಕ, ಕೆಲಸ ಮಾಡೋಕೆ ಬಿಡು."

ಅವಳು ಅದನ್ನು ಓದಿ ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತಳು. ಅಂಚಿನಲ್ಲಲ್ಲ, ಪೂರ್ತಿ. ನಲವತ್ತಾರು ವರ್ಷದಲ್ಲಿ ಮೊದಲ ಸಲ. ಇದು ಸುಳ್ಳಾದರೆ ನನ್ನ ಉಳಿದ ಮೂರು ಹಲ್ಲೂ ಉದುರಲಿ.

ನಾನೂ ಪಕ್ಕದಲ್ಲಿ ಕೂರಲು ಇನ್ನೂ ಮೊಣಕಾಲು ಮಡಿಸುತ್ತಿದ್ದೆ.

"ಏಳಿ ಮಾವ," ಅಂದಳು, "ಬೇಕರಿಯವರು ಊಟಕ್ಕೆ ಹೋಗೋದ್ರೊಳಗೆ ಹಿಡೀಬೇಕು. ಇನ್ನೂ ಏಳು ಜನ ಕೆಲಸಕ್ಕೆ ಕಾಯ್ತಿದ್ದಾರೆ."