ಗೀಟಣ್ಣನ ಜೋಡಿ ಗೀಟು

ಗೀಟಣ್ಣ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಕನ್ನಡಿಯ ಮುಂದೆ ನಿಂತು ಗಡ್ಡ ಕೆರೆದುಕೊಳ್ಳುತ್ತಿದ್ದವರು ನಿಂತಲ್ಲೇ ಕುಸಿದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ಹಿಂದಿನ ದಿನ ಅವರಿಗೆ ಒಂದು ನೆಗಡಿಯೂ ಇರಲಿಲ್ಲ.

ಸುದ್ದಿ ಹೇಳಿದ್ದು ಅವರ ಬಾಮೈದ, ಫೋನಿನಲ್ಲಿ. ಕೇಳಿಸಿಕೊಂಡದ್ದು ರಕ್ತನಿಧಿಯ ಕೌಂಟರಿನಲ್ಲಿ ದಾನಿಗಳ ಹೆಸರು ನೋಂದಾಯಿಸುವ ಹೆಂಗಸು. ಅವಳಿಗೆ ಕೌಂಟರಮ್ಮ ಎಂದು ಹೆಸರಿಟ್ಟವರೇ ಗೀಟಣ್ಣ. ಅವರು ಕೆಲಸ ಮಾಡುತ್ತಿದ್ದದ್ದು ಆ ಕೌಂಟರಿನ ಹಿಂದಿನ ಕೋಣೆಯಲ್ಲಿ. ಒಂಬತ್ತು ವರ್ಷ ಇಬ್ಬರ ನಡುವೆ ಇದ್ದದ್ದು ಒಂದು ತಗಡಿನ ಬಾಗಿಲು ಮಾತ್ರ.

"ಭಾವ ಹೋಗ್ಬಿಟ್ರು," ಅಂದ ಬಾಮೈದ.

"ಎಲ್ಲಿಗೆ?" ಅಂದಳು ಕೌಂಟರಮ್ಮ.

ಆ ಕಡೆಯಿಂದ ಯಾರೋ ಮೂಗು ಸೀಟಿದ ಸದ್ದು ಕೇಳಿತು, ಪಾತ್ರೆಯೊಂದು ಕೆಳಗೆ ಬಿದ್ದದ್ದು ಕೇಳಿತು. ಆಗ ಅವಳಿಗೆ ಅರ್ಥವಾಯಿತು. "ನಿನ್ನೆ ಸಂಜೆ ಇದ್ರಲ್ಲ," ಅಂದಳು, ನಿನ್ನೆ ಇದ್ದವರು ಇವತ್ತು ಇರಲೇಬೇಕು ಅನ್ನುವಂತೆ. ಮಧ್ಯಾಹ್ನದ ಹೊತ್ತಿಗೆ ಒಯ್ಯುತ್ತೇವೆ, ಅಷ್ಟರೊಳಗೆ ಬಂದರೆ ಮುಖ ನೋಡಬಹುದು ಎಂದು ಬಾಮೈದ ಹೇಳಿದ. ಅವಳು ಹೂಂ ಅಂದಳು, ಫೋನು ಇಟ್ಟಳು, ಎದುರಿಗೆ ನಿಂತಿದ್ದವನ ಕಡೆ ತಿರುಗಿ "ತೂಕ ಎಷ್ಟು?" ಎಂದು ಕೇಳಿದಳು. ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಎದುರಿಗಿದ್ದವನು ಬಣ್ಣ ಬಳಿಯುವವನು, ಮೊದಲ ಸಲ ರಕ್ತ ಕೊಡಲು ಬಂದಿದ್ದ. ತೂಕ ಹೇಳಿದ. ಅವಳು ಎಲ್ಲ ತುಂಬಿ ಗುಂಡಿ ಒತ್ತಿದಳು. ಪರದೆಯ ಮೇಲೆ ಅವನ ದಾನಿ ಸಂಖ್ಯೆ ಮೂಡಿತು: ಒಂದು.

ಹಿಂದಿನ ದಿನ ಆ ಸಂಖ್ಯೆ ಹನ್ನೊಂದು ಸಾವಿರ ದಾಟಿತ್ತು.

"ಒಂದನೇ ನಂಬರಾ? ನಮ್ಮನೇಲಿ ಹೇಳಿದ್ರೆ ನಂಬಲ್ಲ," ಅಂದ ಬಣ್ಣದವನು, ಆಗಲೇ ತೋಳು ಮಡಚುತ್ತ.

ಗೀಟಣ್ಣನ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು. ಮೊದಲು ಅವರದು ರೇಡಿಯೋ ರಿಪೇರಿ ಅಂಗಡಿ. ಕೆಟ್ಟ ರೇಡಿಯೋವನ್ನು ಬಿಚ್ಚುವ ಮೊದಲು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, "ಇದಕ್ಕೆ ಗಂಟಲು ಸರಿ ಇದೆ, ಹೊಟ್ಟೆ ಕೆಟ್ಟಿದೆ" ಎಂದು ಹೇಳಿಬಿಡುತ್ತಿದ್ದರು. ಜನ ರೇಡಿಯೋ ಕೇಳುವುದನ್ನು ಬಿಟ್ಟ ಮೇಲೆ, ತಲೆ ನರೆಯುವ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ರಕ್ತನಿಧಿಯ ಕೌಂಟರಿನ ಹಿಂದೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಸರ್ವರ್ ಇತ್ತು. ದಾನಿಗಳ ಹೆಸರು, ಗುಂಪು, ಫೋನ್ ನಂಬರು ಎಲ್ಲ ಅದರೊಳಗೆ. ಅದನ್ನು ಮಲಗಿಸುವುದು, ಎಬ್ಬಿಸುವುದು ಗೀಟಣ್ಣನ ಕೆಲಸ.

ಎಬ್ಬಿಸುವಾಗ ಅದಕ್ಕೆ ಮೂರು ವಿಷಯ ಹೇಳಬೇಕಿತ್ತು: ಮಾಹಿತಿ ಯಾವ ಫೋಲ್ಡರಿನಲ್ಲಿದೆ, ತಾನು ಯಾವ ಪೋರ್ಟಿನಲ್ಲಿ ಕಾದಿರಬೇಕು, ಯಾವ ವಿಳಾಸದಿಂದ ಬಂದ ಕರೆಗೆ ಓಗೊಡಬೇಕು. ಇದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟರೆ ಸರ್ವರ್ ತಾನೇ ಓದಿಕೊಳ್ಳುತ್ತದೆ. ಗೀಟಣ್ಣ ಬರೆದಿಡುತ್ತಿರಲಿಲ್ಲ. ಪ್ರತಿ ಸಲ ಕಪ್ಪು ಪರದೆಯ ಮೇಲೆ ಕೈಯಾರೆ ಟೈಪು ಮಾಡುತ್ತಿದ್ದರು, ಮಾಡುತ್ತ ಗಟ್ಟಿಯಾಗಿ ಹೇಳುತ್ತಿದ್ದರು. ಒಂದೊಂದು ಸೂಚನೆಯ ಮುಂದೆಯೂ ಎರಡೆರಡು ಅಡ್ಡಗೀಟು. "ಜೋಡಿ ಗೀಟು, ಡೇಟಾ ಡಿರ್, ಸಮ, ಅತ್ತೆಮನೆ. ಜೋಡಿ ಗೀಟು, ಪೋರ್ಟ್, ಸಮ..." ಹೀಗೆ. ಡೇಟಾ ಡಿರ್ ಅಂದರೆ ಮಾಹಿತಿಯ ಫೋಲ್ಡರು, ಸಮ ಅಂದರೆ ಸಮಚಿಹ್ನೆ. ಗೀಟಣ್ಣ ಎಂಬ ಹೆಸರು ಬಂದದ್ದು ಆ ಗೀಟುಗಳಿಂದ.

ರಕ್ತನಿಧಿಯ ಡಾಕ್ಟರಮ್ಮ ಎಷ್ಟೋ ಸಲ ಬೈದಿದ್ದರು. "ಫೈಲಲ್ಲಿ ಹಾಕಿಡ್ರೀ. ನಾಳೆ ನಿಮಗೇನಾದ್ರೂ ಆದ್ರೆ?"

"ನೀವಿರೋವಾಗ ನನಗೇನಾಗತ್ತೆ ಡಾಕ್ಟ್ರೇ?" ಅನ್ನುತ್ತಿದ್ದರು ಗೀಟಣ್ಣ. ಡಾಕ್ಟರಮ್ಮ ಆಚೆ ಹೋದ ಮೇಲೆ ಕೌಂಟರಮ್ಮನ ಕಡೆ ಬಗ್ಗಿ, "ಬರೆದಿಟ್ಟಿದ್ದನ್ನ ಯಾರೂ ತಿರುಗಿ ನೋಡಲ್ಲ. ಬಾಯಲ್ಲಿ ಹೇಳಿದ್ರೆ ಪ್ರತಿ ಸಲ ಒಂದು ಗಳಿಗೆ ಯೋಚನೆ ಮಾಡ್ತೀವಿ," ಅನ್ನುತ್ತಿದ್ದರು. ಅದು ಹಟವೇ. ಒಳ್ಳೆಯ ಮನುಷ್ಯನ ಕೆಟ್ಟ ಹಟ. ಆಮೇಲೆ ಅದರಿಂದ ಏನಾಯಿತು ಎನ್ನುವುದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ.

ಟೈಪು ಮಾಡುತ್ತ ನಡುವೆ ನಿಲ್ಲಿಸಿ, ಬಾಗಿಲಾಚೆಗೆ ಕೇಳುವಂತೆ "ಆಮೇಲೆ?" ಅನ್ನುವುದು ಅವರ ಆಟ. ಕೌಂಟರಮ್ಮ ದಾನಿಯೊಬ್ಬರ ಬೆರಳಿಗೆ ಹತ್ತಿ ಒತ್ತುತ್ತಲೇ "ಪೋರ್ಟು ಕಣಣ್ಣಾ, ಮೂರು ಸಾವಿರದ ಮುನ್ನೂರ ಹತ್ತು" ಅನ್ನಬೇಕು. ತಪ್ಪಿದರೆ ಅವತ್ತಿನ ಚಹಾದ ದುಡ್ಡು ಅವಳದು. ಅವಳು ತಪ್ಪಿದ್ದು ಕಡಿಮೆ.

ಅತ್ತೆಮನೆ ಅಂದರೆ ಸರ್ವರಿನ ಡಿಸ್ಕು. ಹಳೆಯದು. ತಿರುಗುವಾಗ ಹಗಲೂ ರಾತ್ರಿ ಗೊರಗೊರ ಅನ್ನುತ್ತಿತ್ತು. "ಗೊಣಗೋದು ನಿಲ್ಲಿಸಲ್ಲ, ಕೆಲಸಾನೂ ನಿಲ್ಲಿಸಲ್ಲ. ಥೇಟ್ ನಮ್ಮತ್ತೆ," ಎಂದು ಗೀಟಣ್ಣ ಫೋಲ್ಡರಿಗೆ ಆ ಹೆಸರಿಟ್ಟರು. ಒಮ್ಮೆ ಊಟದ ಡಬ್ಬಿ ಕೊಡಲು ಬಂದಿದ್ದ ಅವರ ಹೆಂಡತಿಗೆ ಇದು ತಿಳಿಯಿತು. ಆಕೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ನಿಮಗೆ ಅತ್ತೆಮನೆ, ನನಗದು ತವರುಮನೆ. ಇರೋದೊಂದೇ ಮನೆ. ಗೊಣಗಾಟ ನಿಮ್ಮ ಕಿವೀಲಿದೆ," ಅಂದರು. ಗೀಟಣ್ಣ ಅವತ್ತಿಡೀ ದಿನ ಅದನ್ನೇ ನೆನೆದು ನಗುತ್ತಿದ್ದರು.

ಮಂಗಳವಾರ ನಸುಕಿನಲ್ಲಿ ಕರೆಂಟು ಹೋಗಿತ್ತು. ಬ್ಯಾಟರಿ ಕೈಕೊಟ್ಟಿತು. ಕರೆಂಟು ಬಂದಾಗ ಯಂತ್ರ ತಾನಾಗಿ ಎದ್ದಿತು, ಸರ್ವರೂ ತಾನಾಗಿ ಎದ್ದಿತು. ಎಂದಿನ ಪೋರ್ಟಿನಲ್ಲಿ ಅದು ಸಿಗದಿದ್ದರೆ ಕೌಂಟರಿನ ಕಂಪ್ಯೂಟರು ಬೇರೆ ಪೋರ್ಟಿನಲ್ಲಿ ಹುಡುಕಿಕೊಳ್ಳುತ್ತಿತ್ತು. ಆದರೆ ಹೇಳುವವರು ಯಾರೂ ಇಲ್ಲದಿದ್ದರೆ ಸರ್ವರ್ ತನಗೆ ಹುಟ್ಟಿನಿಂದ ಗೊತ್ತಿರುವ ಫೋಲ್ಡರಿಗೆ ಹೋಗಿ ಕೂರುತ್ತದೆ. ಅಲ್ಲಿ ಇದ್ದದ್ದು ಮೊದಲ ದಿನ ಪರೀಕ್ಷೆಗೆಂದು ತೆರೆದ ಒಂದು ಖಾಲಿ ಪಟ್ಟಿ. ಅಷ್ಟೆ.

ಕೌಂಟರಮ್ಮ ಆ ಒಂದು ಎನ್ನುವ ಅಂಕಿಯನ್ನು ನೋಡುತ್ತ ಕೂತಿದ್ದಾಗ ಡಾಕ್ಟರಮ್ಮ ಓಡುತ್ತಲೇ ಬಂದರು. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ. ಅವಳದು ಎಲ್ಲೋ ಹತ್ತು ಸಾವಿರಕ್ಕೊಬ್ಬರಲ್ಲಿ ಸಿಗುವ ಗುಂಪು. ಬೇರೆ ಯಾವ ರಕ್ತವೂ ಹೊಂದುವುದಿಲ್ಲ. ಶೀತಪೆಟ್ಟಿಗೆಯಲ್ಲಿ ಒಂದು ಚೀಲವೂ ಇಲ್ಲ.

"ಪಟ್ಟಿ ತೆಗೀರಿ. ಆ ಗುಂಪಿನವರು ಯಾರಿದಾರೆ?"

"ಡಾಕ್ಟ್ರೇ, ಗೀಟಣ್ಣ ಹೋಗ್ಬಿಟ್ರು."

"ಎಲ್ಲಿಗೆ?" ಅಂದರು ಡಾಕ್ಟರಮ್ಮ. ಆಮೇಲೆ ಅವರೂ ಗೋಡೆಗೆ ಕೈ ಊರಿಕೊಂಡರು. ಕೈ ತೆಗೆಯದೆಯೇ ಪರದೆ ನೋಡಿದರು. "ಇದೇನು, ಒಬ್ಬರೇ ಇದಾರೆ?"

ಆ ಗುಂಪಿನವರು ಮೂವರಿದ್ದರು ಎಂದು ಕೌಂಟರಮ್ಮನಿಗೆ ನೆನಪಿತ್ತು. ಒಬ್ಬಳು ಹೋದ ತಿಂಗಳಷ್ಟೇ ಕೊಟ್ಟಿದ್ದಳು, ಇಷ್ಟು ಬೇಗ ಮತ್ತೆ ಕೊಡುವಂತಿಲ್ಲ. ಇನ್ನೊಬ್ಬ ಮನೆ ಖಾಲಿ ಮಾಡಿ ಎಲ್ಲಿಗೋ ಹೋಗಿದ್ದ. ಮೂರನೆಯವನು ನಿನ್ನೆ, ಸೋಮವಾರ, ತಾನಾಗಿ ಬಂದು, ತನ್ನದು ಅಪರೂಪದ ಗುಂಪು, ಬೇಕಾದಾಗ ಕರೆಯಿರಿ ಎಂದು ಹೆಸರು ಬರೆಸಿ ಹೋದವನು. ಮುಂಗೈಗೆ ಹಿಟ್ಟು ಮೆತ್ತಿತ್ತು, ಮೈಯಿಂದ ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತು. ಬೇಕರಿಯವನಿರಬೇಕು ಎಂದು ಡಾಕ್ಟರಮ್ಮನಿಗೆ ಹೇಳಿದಳು.

"ಯಾವ ಬೇಕರಿ?"

"ಕೇಳಲಿಲ್ಲ. ಫೋನ್ ನಂಬರ್ ತಗೊಂಡೆನಲ್ಲ ಅಂತ." ಅವಳ ಕೈ ಪರದೆಯ ಕಡೆ ಚಾಚಿತು, ಅಲ್ಲೇ ನಿಂತಿತು.

ಸರ್ವರ್ ಮಾರಿದ ಕಂಪನಿಯವರು ಮಧ್ಯಾಹ್ನ ಬರುತ್ತೇವೆ ಅಂದರು. "ಅಷ್ಟು ಹೊತ್ತು ಅವಳು ಇರಲ್ಲ," ಅಂದರು ಡಾಕ್ಟರಮ್ಮ. ಅವರು ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು.

ಕೌಂಟರಮ್ಮ ತಗಡಿನ ಬಾಗಿಲು ನೂಕಿ ಒಳಗೆ ಹೋದಳು. ಬಾಗಿಲು ಎಂದಿನಂತೆ ಧಡಾರೆಂದು ಬಡಿದುಕೊಂಡಿತು. ಕುರ್ಚಿಯ ಬೆನ್ನಿಗೆ ಗೀಟಣ್ಣನ ಕೈವಸ್ತ್ರ ಮಡಿಸಿ ಹಾಕಿತ್ತು. ಅದನ್ನು ಮುಟ್ಟದೆ ಕುರ್ಚಿಯ ತುದಿಯಲ್ಲಿ ಕೂತಳು. ಒಳಹೋಗುವ ಗುಪ್ತಪದ ಅವಳಿಗೂ ಗೊತ್ತಿತ್ತು. ಮೊದಲು ಮಲಗಿಸಬೇಕು, ಆಮೇಲೆ ಎಬ್ಬಿಸಬೇಕು. ಖಾಲಿ ಪಟ್ಟಿ ಹಿಡಿದು ಕೂತಿದ್ದ ಸರ್ವರನ್ನು ಮಲಗಿಸಿದಳು.

ತುಟಿಯಲ್ಲೇ ಹೇಳಿಕೊಳ್ಳುತ್ತ ಟೈಪು ಮಾಡಿದಳು. ಇಂಥ ಸೂಚನೆ ನನಗೆ ಗೊತ್ತಿಲ್ಲ ಎಂದು ಸರ್ವರ್ ತಿರುಗಿ ಹೇಳಿತು. ನೋಡಿದರೆ ಒಂದೇ ಗೀಟು ಹಾಕಿದ್ದಳು. "ಒಂಟಿ ಗೀಟು ಯಾಕಮ್ಮಾ, ಅದಕ್ಕೂ ಒಂದು ಜೊತೆ ಬೇಡ್ವಾ?" ಗೀಟಣ್ಣ ಇದ್ದಿದ್ದರೆ ಅನ್ನುತ್ತಿದ್ದ ಮಾತು ಅದು. ಜೋಡಿ ಗೀಟು ಹಾಕಿದಳು. ಡೇಟಾ ಡಿರ್, ಸಮ, ಅತ್ತೆಮನೆ. ಆಮೇಲೆ? ಪೋರ್ಟು. ಆಮೇಲೆ? ವಿಳಾಸ. ಒತ್ತಿದಳು.

ಮೇಜಿನ ಕೆಳಗೆ ಗೊರಗೊರ ಸದ್ದು ಶುರುವಾಯಿತು. ಅದನ್ನು ಕೇಳಿ ಅವಳಿಗೆ ಅಳು ಬಂತು. ಅತ್ತೆ ಎದ್ದಿದ್ದಳು.

ಪಟ್ಟಿ ಬಂತು. ಹನ್ನೊಂದು ಸಾವಿರವೂ ಬಂತು. ಆದರೆ ಬೇಕರಿಯವನು ಇರಲಿಲ್ಲ. ಹೆಸರು ಹಿಡಿದು ಹುಡುಕಿದಳು, ಗುಂಪು ಹಿಡಿದು ಹುಡುಕಿದಳು. ಆ ಗುಂಪಿನವರು ಇಬ್ಬರೇ. ಕೊನೆಯ ದಾನಿ ಶನಿವಾರ ಬಂದವನು. ಸೋಮವಾರ ಎನ್ನುವ ದಿನವೇ ಇಲ್ಲ. ತಾನು ನಿನ್ನೆ ಈ ಕೌಂಟರಿನಲ್ಲಿ ಕೂತದ್ದು, ಗೀಟಣ್ಣ ಒಳಗಿದ್ದದ್ದು, ಅವರು ಮಾತಾಡಿದ್ದು, ನಕ್ಕಿದ್ದು ಒಂದೂ ನಡೆಯಲೇ ಇಲ್ಲವೇ ಎಂದು ಅವಳಿಗೆ ಅನ್ನಿಸಿತು.

ಬಾಗಿಲ ಬಳಿ ಡಾಕ್ಟರಮ್ಮ, "ಸಿಕ್ತಾ?" ಅಂದರು.

ಗೊರಗೊರ ಸದ್ದು ನಡೆದೇ ಇತ್ತು. ಅವಳು ಅದನ್ನೇ ಕೇಳುತ್ತ ಕೂತಳು. ಕೇಳುತ್ತ ಕೇಳುತ್ತ ಒಂದು ಯೋಚನೆ ಬಂತು: ನಿನ್ನೆ ಸಂಜೆ ಈ ಸದ್ದು ಇರಲಿಲ್ಲ.

ಮತ್ತೆ ಮಲಗಿಸಿದಳು. ಜೋಡಿ ಗೀಟು, ಡೇಟಾ ಡಿರ್, ಸಮ. ಈ ಸಲ ಅತ್ತೆಮನೆಯ ಜಾಗದಲ್ಲಿ ತವರುಮನೆ ಎಂದು ಹೊಡೆದಳು. ಅಂಥ ಫೋಲ್ಡರೇ ಇಲ್ಲ ಅಂದಿತು ಸರ್ವರ್. ಕಣ್ಣು ಒರೆಸಿಕೊಂಡು ಅಕ್ಷರಗಳನ್ನು ನೋಡಿದಳು. ಇಂಗ್ಲಿಷಿನಲ್ಲಿ ಟಿ ಆದ ಮೇಲೆ ಒಂದು ಎಚ್ ಹಾಕಿದ್ದಳು, ಎಲ್ಲರೂ ಹಾಕುವಂತೆ. ಗೀಟಣ್ಣ ಹಾಕುವವರಲ್ಲ. "ಹೆಚ್ಚಿಗೆ ಎಚ್ ಯಾಕೆ, ಅದಕ್ಕೇನು ಊಟ ಹಾಕ್ತೀಯಾ?" ಅನ್ನುತ್ತಿದ್ದರು. ಎಚ್ ಅಳಿಸಿದಳು. ಒತ್ತಿದಳು.

ಯಾವ ಸದ್ದೂ ಇಲ್ಲ. ಪರದೆಯ ಮೇಲೆ ಸೋಮವಾರ ಇತ್ತು. ಬೇಕರಿಯವನೂ ಇದ್ದ, ಫೋನ್ ನಂಬರಿನ ಸಮೇತ.

ಅವನು ಬೇಕರಿಯ ಏಪ್ರನ್ನಿನಲ್ಲೇ ಬಂದ. ಮುಂಗೈಯ ಹಿಟ್ಟನ್ನು ತೊಳೆದ ಮೇಲೆ ಸೂಜಿ ಚುಚ್ಚಿದರು. "ಪಾಕ ಒಲೆ ಮೇಲೆ ಬಿಟ್ಟು ಬಂದಿದೀನಿ, ಬೇಗ ತಗೊಳ್ಳಿ," ಅಂದ, ರಕ್ತ ತನ್ನ ಹೊತ್ತಿಗೆ ತಾನು ಬರುತ್ತದೆ ಎನ್ನುವುದು ಗೊತ್ತಿಲ್ಲದವನಂತೆ. ಬಾಣಂತಿ ಉಳಿದಳು. ಇದನ್ನು ಕೌಂಟರಮ್ಮ ತಿಳಿದದ್ದು ಆಮೇಲೆ. ಚೀಲ ವಾರ್ಡಿಗೆ ಹೋದ ಕೂಡಲೇ ಅವಳು ಗೀಟಣ್ಣನ ಮನೆಗೆ ಹೊರಟಿದ್ದಳು.

ಇನ್ನೂ ಒಯ್ದಿರಲಿಲ್ಲ. ಉಳಿದ ಅರ್ಧ ಗಡ್ಡವನ್ನು ಬಾಮೈದ ತೆಗೆದಿದ್ದ. ಎರಡು ಕೆನ್ನೆಯೂ ನುಣ್ಣಗಿದ್ದವು. ಕಿವಿಯ ಹಿಂದೆ ಸ್ವಲ್ಪ ನೊರೆ ಒಣಗಿ ಉಳಿದಿತ್ತು, ಯಾರೂ ನೋಡಿರಲಿಲ್ಲ. ಕೌಂಟರಮ್ಮ ಸೆರಗಿನ ತುದಿಯಿಂದ ಒರೆಸಿದಳು. ಹೆಂಡತಿ ಗೋಡೆಗೊರಗಿ ಕೂತಿದ್ದರು. ಏನು ಹೇಳಬೇಕೋ ತಿಳಿಯದೆ ಅವಳು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಅಕ್ಕಾ, ಇವತ್ತು ತವರುಮನೆ ಕೈಹಿಡೀತು."

ಆಕೆ ತಲೆ ಎತ್ತಿ ಅವಳನ್ನು ನೋಡಿದರು. "ಅದು ಯಾವತ್ತೂ ಹಿಡಿಯತ್ತೆ," ಅಂದರು. "ಅವರಿಗೆ ಗೊತ್ತಾಗಿದ್ದು ತಡವಾಗಿ."

ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಕೌಂಟರು ತೆರೆಯುವ ಮೊದಲೇ ಗೀಟಣ್ಣ ಬಂದಿದ್ದರು. ಹೊಸ ಡಿಸ್ಕು ಜೋಡಿಸಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿದ್ದರು; ಹಳೆಯದನ್ನು ತೆಗೆಯದೆ ಹಾಗೇ ಬಿಟ್ಟಿದ್ದರು. ಎಬ್ಬಿಸುವಾಗ ಗಟ್ಟಿಯಾಗಿಯೇ ಹೇಳಿದ್ದರು, ಆದರೆ ಕೌಂಟರಮ್ಮ ಆಗಷ್ಟೇ ಬಂದು ಫೋನಿನಲ್ಲಿದ್ದಳು. ಸಂಜೆ ಅವಳು ಚೀಲ ಹೆಗಲಿಗೆ ಹಾಕುತ್ತಿದ್ದಾಗ ಒಳಗಿನಿಂದ ಕರೆದರು. ಹೋದರೆ, ಅವರು ನೆಲದ ಮೇಲೆ ಮಂಡಿಯೂರಿ ಯಂತ್ರಕ್ಕೆ ಕಿವಿ ಒತ್ತಿಕೊಂಡು ಕೂತಿದ್ದರು, ಹಿಂದೆ ರೇಡಿಯೋಗೆ ಒತ್ತಿಕೊಳ್ಳುತ್ತಿದ್ದ ಹಾಗೆ.

"ಬಾ ಇಲ್ಲಿ, ಕೇಳು."

ಅವಳೂ ಬಗ್ಗಿ ಕಿವಿ ಇಟ್ಟಳು. "ಏನೂ ಕೇಳ್ತಿಲ್ಲ ಅಣ್ಣಾ. ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ. ತವರುಮನೆಗೆ ಬಂದಿದಾಳೆ. ಮಾತಿಲ್ಲ ಕತೆಯಿಲ್ಲ, ನಿದ್ದೆ ಮಾಡ್ತಿದಾಳೆ." ಎದ್ದು ಮಂಡಿ ಕೊಡವಿಕೊಂಡರು. ಕೈವಸ್ತ್ರವನ್ನು ಮಡಿಸಿ ಕುರ್ಚಿಗೆ ಹಾಕಿದರು, ದೀಪ ಆರಿಸಿದರು, ಅವಳನ್ನು ಮುಂದೆ ಕಳಿಸಿ ತಾವು ಹಿಂದೆ ಬಂದರು. ಒಂಬತ್ತು ವರ್ಷ ಧಡಾರೆಂದು ಬಡಿದುಕೊಳ್ಳುತ್ತಿದ್ದ ಆ ತಗಡಿನ ಬಾಗಿಲನ್ನು, ಒಳಗೆ ಯಾರೋ ಮಲಗಿದ್ದಾರೆ ಎನ್ನುವಂತೆ, ಎರಡೂ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಮುಚ್ಚಿದರು.